ದುಭಾಷಿ

ಬಾಗಿಲಿಗೆ ಬೀಗ ಬಿದ್ದಿತ್ತು. ಶಿವಪ್ರಕಾಶ ಬಿಗಿಹಿಡಿದಿದ್ದ ಉಸಿರು ಬಿಟ್ಟ.

"ಯಾರೂ ಇಲ್ಲ, ಹೋಗೋಣ," ಎಂದು ಇಂಗ್ಲಿಷಿನಲ್ಲಿ ಹೇಳಿ ಕಾರಿನತ್ತ ತಿರುಗಿದ. ಹೆನ್ರಿಕ್ ಕದಲಲಿಲ್ಲ. ಎಪ್ಪತ್ತರ ಹತ್ತಿರದ ಆ ನಾರ್ವೆಯ ಪಾದ್ರಿ ಹೆಂಡತಿ ಮಾರ್ಗಿಟ್‌ಳ ಕೈ ಹಿಡಿದು, ನರೋಣಾದ ಆ ತಗಡಿನ ಮನೆಯ ಮುಂದೆ ಕಣ್ಣು ಮುಚ್ಚಿ ಪ್ರಾರ್ಥನೆಗೆ ನಿಂತುಬಿಟ್ಟ.

ಇವರ ಹಟವೇ ಹೀಗೆ. ಜೇವರ್ಗಿಯ ಹಳ್ಳಿಗಳಲ್ಲಿ ಒಂಬತ್ತು ವರ್ಷ ಸೇವೆ ಮಾಡಿದ ದಂಪತಿ. ಹೆತ್ತ ಎರಡು ಕೂಸುಗಳನ್ನೂ ಇದೇ ನೆಲದಲ್ಲಿ ಹೂತಿಟ್ಟವರು. ಆಮೇಲೆ ಕೋರ್ಟು, ಕಚೇರಿ ಅಂತ ಎರಡು ವರ್ಷ ಅಲೆದು ಒಂದು ಹೆಣ್ಣುಮಗುವನ್ನು ದತ್ತು ಪಡೆದರು. ಸೇವೆಗೆಂದು ಮಲಾವಿಗೆ ಹೋದರು, ಅಲ್ಲಿ ಮಲೇರಿಯಾದಲ್ಲಿ ಸತ್ತು ಬದುಕಿದರು. ಈಗ ಮಗಳು ರೂತ್‌ಗೆ ಇಪ್ಪತ್ತು ವರ್ಷ. ಹೆತ್ತವಳ ಮುಖ ಒಮ್ಮೆ ನೋಡಬೇಕು ಅಂದಳಂತೆ. ತೋರಿಸುತ್ತೇವೆ ಎಂದು ಮಾತು ಕೊಟ್ಟರಂತೆ. ಇದು ಮೂರನೆಯ ಸಲದ ಹುಡುಕಾಟ.

ಶಿವಪ್ರಕಾಶ ಅವರ ಹಳೆಯ ದುಭಾಷಿ. ಆಗ ನರೋಣಾದಲ್ಲಿ ಇಂಗ್ಲಿಷ್ ಮಾಸ್ತರನಾಗಿದ್ದ. ರಜೆ ಬಂದರೆ ಅವರ ಜೊತೆ ಊರೂರು ತಿರುಗುತ್ತಿದ್ದ. ದತ್ತಿನ ಕನ್ನಡ ಕಾಗದವನ್ನು ಇಂಗ್ಲಿಷಿಗೆ ತಂದವನೂ ಅವನೇ. ಬಡತನದಿಂದ ತಾಯಿಯೇ ಬಿಟ್ಟುಕೊಟ್ಟಿದ್ದಾಳೆ, ತನ್ನನ್ನು ಹುಡುಕಬಾರದು ಎಂದಿದ್ದಾಳೆ ಅಂತ ಕಾಗದದಲ್ಲಿತ್ತು. ಕೆಳಗೆ ಮಲ್ಕಮ್ಮ ಎಂಬ ಹೆಸರು, ಹೆಬ್ಬೆಟ್ಟಿನ ಗುರುತು.

"ಮಾಯ್ದ ಗಾಯ ಕೆದಕಬೇಡಿ," ಎಂದು ಬೆಳಿಗ್ಗೆಯೂ ಬೇಡಿಕೊಂಡಿದ್ದ. "ಊರಿಗೆ ಗೊತ್ತಾದರೆ ಒಂದು ಬಾಳು ಮಣ್ಣುಪಾಲಾಗುತ್ತದೆ."

"ಗೊತ್ತು, ಶಿವಪ್ರಕಾಶ," ಎಂದಿದ್ದಳು ಮಾರ್ಗಿಟ್. "ಅದಕ್ಕೇ ನಿನ್ನನ್ನು ಕರೆದುಕೊಂಡು ಬಂದದ್ದು. ನಿನ್ನಷ್ಟು ನಾಜೂಕಾಗಿ ಬೇರೆ ಯಾರು ಮಾತಾಡಿಯಾರು?"

ಪಕ್ಕದ ಮನೆಯ ಬಾನುಬಿ ಹೊರಗೆ ಬಂದಳು. ಶಿವಪ್ರಕಾಶ ತಟ್ಟನೆ ಕಾರಿನ ಕಿಟಕಿಗೆ ಅಡ್ಡ ನಿಂತ. ಒಳಗೆ ರೂತ್ ಇದ್ದಳು. ಅವಳ ಕೂಡುಹುಬ್ಬು ನೋಡಿದರೆ ಇಲ್ಲಿ ಯಾರಿಗಾದರೂ ಮಲ್ಕಮ್ಮನೇ ನೆನಪಾಗಬೇಕು.

"ಮಲ್ಕಮ್ಮನ್ನ ಹುಡುಕ್ತೀರೇನ್ರಿ? ತೊಗರಿ ಕೊಯ್ಯಾಕ ಹೋಗ್ಯಾಳ್ರಿ," ಅಂದಳು ಬಾನುಬಿ. "ಆಳಂದ ದಾರಿಗೆ ದೊಡ್ಡ ಹುಣಸಿಮರ ಐತಲ್ರಿ, ಅದs ಹೊಲ. ಹುಷಾರ್ರಿ, ಆಕಿ ಮಾತು ಚಾಲೂ ಮಾಡಿದ್ರ ನಿಮ್ಮ ಗಾಡಿ ಎಣ್ಣಿ ತೀರ್ತದ, ಆಕಿ ಮಾತು ತೀರಂಗಿಲ್ಲ!"

ಕಾರಿನೊಳಗೆ ರೂತ್ ಸಣ್ಣಗೆ ನಕ್ಕಳು. ಅಂಗಳದಲ್ಲಿ ಕೋಳಿಯ ಹಿಂದೆ ಓಡುತ್ತಿದ್ದ ಮೇಕೆಮರಿಯನ್ನು ನೋಡಿರಬೇಕು.

"ಏನಂತೆ?" ಹೆನ್ರಿಕ್ ಕೇಳಿದ.

"ಮಲ್ಕಮ್ಮ ಊರು ಬಿಟ್ಟು ಹತ್ತು ವರ್ಷವಾಯಿತಂತೆ. ಖಜೂರಿ ದಾಟಿ ಮಹಾರಾಷ್ಟ್ರದ ಕಡೆ ಹೋದಳಂತೆ. ಎಲ್ಲಿ ಅಂತ ಯಾರಿಗೂ ಗೊತ್ತಿಲ್ಲ."

ಮಾರ್ಗಿಟ್‌ಳ ಮುಖ ಬಾಡಿತು. ಶಿವಪ್ರಕಾಶನಿಗೆ ಕೆಡುಕೆನಿಸಿತು, ಆದರೆ ಬೇರೆ ದಾರಿಯಿರಲಿಲ್ಲ. ಚಾಲಕ ಹಸನಸಾಬನಿಗೆ ಗಾಡಿ ಬಿಡಲು ಹೇಳಿದ.

"ಹೊಲದಾಗ ಅದಾಳ ಅಂದ್ಳಲ್ರಿ ಸರ್?" ಹಸನಸಾಬ ತಿರುಗಿ ನೋಡಿದ.

"ನೀ ಸುಮ್ಮ ಗಾಡಿ ಹೊಡಿ. ಆಳಂದಕ್ಕ."

ಇರುವುದೊಂದೇ ದಾರಿ. ಹುಣಸೆಮರ ದೂರದಿಂದಲೇ ಕಂಡಿತು. ಅರ್ಧ ನಿಮಿಷ, ಅಷ್ಟೇ. ದಾಟಿಬಿಟ್ಟರೆ ಎಲ್ಲ ಮುಗಿಯಿತು. ಅಷ್ಟರಲ್ಲಿ ರೂತ್ ತಾಯಿಯ ಕಿವಿಯಲ್ಲಿ ತಮ್ಮ ಭಾಷೆಯಲ್ಲಿ ಏನೋ ಪಿಸುಗುಟ್ಟಿದಳು.

"ನಿಲ್ಲಿಸಿ," ಎಂದಳು ಮಾರ್ಗಿಟ್. "ಮಗಳಿಗೆ ಹೊಟ್ಟೆ ತೊಳಸುತ್ತಿದೆಯಂತೆ. ನೆರಳಲ್ಲಿ ಸ್ವಲ್ಪ ನಿಲ್ಲೋಣ."

ಕಾರು ಮರದಡಿ ನಿಂತಿತು. ರೂತ್ ಇಳಿದವಳೇ ಬದುವಿನ ಮೇಲೆ ನಡೆಯತೊಡಗಿದಳು. ತೊಗರಿ ಸಾಲಿನಲ್ಲಿ ಬಗ್ಗಿದ್ದ ನಾಲ್ಕು ಹೆಂಗಸರು ತಲೆಯೆತ್ತಿದರು. ಒಬ್ಬಳು ಕುಡುಗೋಲು ಕೆಳಗಿಟ್ಟು, ಸೆರಗು ತಲೆಗೆಳೆದುಕೊಂಡು ಧಾವಿಸಿ ಬಂದಳು. ಬಂದದ್ದು ರೂತ್‌ಳ ಕಡೆಗಲ್ಲ. ಹಿಂದೆಯೇ ಓಡಿಬಂದಿದ್ದ ಶಿವಪ್ರಕಾಶನ ಕಡೆಗೆ. ಮಣ್ಣಿನಲ್ಲಿ ಮಂಡಿಯೂರಿ ಅವನ ಎರಡೂ ಪಾದ ಹಿಡಿದಳು.

ಹಳ್ಳಿಯವರು ಹಳೆಯ ಮಾಸ್ತರರನ್ನು ಮರೆಯುವುದಿಲ್ಲ.

"ಏಳು ಮಲ್ಕಮ್ಮ, ಏಳು," ಅಂದ ಅವನು, ಆದಷ್ಟು ಮೆಲ್ಲಗೆ. "ಇವರು ಹೊಲ ನೋಡಾಕ ಬಂದಾರ. ಈಗ ಹೊಂಟೇವಿ."

ಮಲ್ಕಮ್ಮ ಏಳಲಿಲ್ಲ. ಮಾತು ಶುರುವಾಯಿತು. ಅಳುತ್ತ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, ಆಕಾಶ ತೋರಿಸುತ್ತ, ಮತ್ತೆ ಅವನ ಪಾದ ಮುಟ್ಟುತ್ತ ಹೇಳಿದಳು. ಬಾನುಬಿ ಹೇಳಿದ್ದು ಸುಳ್ಳಲ್ಲ, ಮಾತು ತೀರಲೇ ಇಲ್ಲ. ಉಳಿದ ಹೆಂಗಸರು ಹೌದೆಂದು ತಲೆಯಾಡಿಸಿದರು.

ಹೆನ್ರಿಕ್ ಏದುಸಿರು ಬಿಡುತ್ತ ಬಂದ. "ಯಾರಿವಳು? ಏನು ಹೇಳುತ್ತಿದ್ದಾಳೆ?"

ಶಿವಪ್ರಕಾಶನಿಗೆ ಇದು ವರ್ಷಗಟ್ಟಲೆ ಮಾಡಿದ ಕೆಲಸ. ನಾಲಿಗೆ ತಾನಾಗಿ ಹೊರಳಿತು. "ನನ್ನ ಶಿಷ್ಯನೊಬ್ಬನ ತಾಯಿ. ಗಂಡುಮಕ್ಕಳು ನೋಡಿಕೊಳ್ಳುತ್ತಿಲ್ಲ ಅಂತ ಅಳುತ್ತಿದ್ದಾಳೆ. ಹೆಣ್ಣುಮಗು ಆಕೆಗೆ ಹುಟ್ಟಿಯೇ ಇಲ್ಲವಂತೆ."

ರೂತ್ ಮಲ್ಕಮ್ಮನ ಪಕ್ಕದಲ್ಲಿ ಮಣ್ಣಿಗೆ ಕುಳಿತಳು. ಶಿವಪ್ರಕಾಶನನ್ನು ನೆಟ್ಟ ನೋಟದಿಂದ ನೋಡಿದಳು. ಓಸ್ಲೋದಲ್ಲಿದ್ದ ಕಲಬುರಗಿಯ ನರ್ಸೊಬ್ಬಳಿಂದ ನಾಲ್ಕು ವರ್ಷ ಯಾರಿಗೂ ಹೇಳದೆ ಕಲಿತ ಕನ್ನಡದಲ್ಲಿ, ಒಂದೊಂದೇ ಮಾತು ಜೋಡಿಸುತ್ತ ಹೇಳಿದಳು:

"ಅವ್ವ ಹಂಗ ಅಂದಿಲ್ರಿ, ಸರ್. 'ಜ್ವರ ಬಂದ ನನ್ನ ಕೂಸಿನ್ನ ದವಾಖಾನಿಗೆ ಒಯ್ದವರು ನೀವs, ಸತ್ತ ಮ್ಯಾಲ ಮಣ್ಣು ಮಾಡಿ ಬಂದವರೂ ನೀವs, ನಿಮ್ಮ ಉಪಕಾರ ಹ್ಯಾಂಗ ಮರೀಲಿ' ಅಂದಾಳ್ರಿ."