ಗೋಲಿನ ಮುಂದೆ ಒಡೆದ ಕುಂಬಳಕಾಯಿ

ತುಂಗಭದ್ರಾ ಜಲಾಶಯ ವರ್ಷವಿಡೀ ಹೆಪ್ಪುಗಟ್ಟಿರಲು ತೊಡಗಿದ ಮೇಲೆ ಹೊಸಪೇಟೆಯಲ್ಲಿ ಎಲ್ಲರೂ ಐಸ್-ಹಾಕಿ ಆಟದ ಪಂಡಿತರೇ. ಅವರಲ್ಲಿ ಮಹಾಪಂಡಿತ ನಮ್ಮ ತಂಡದ ಅಧ್ಯಕ್ಷ ಶೇಖರಗೌಡ. ಜನ್ಮದಲ್ಲಿ ಸ್ಕೇಟ್ ಕಟ್ಟಿದವನಲ್ಲ. ಮೀಸೆ ಬಲಿಯದ ನಾವು ವೃತ್ತಿಪರ ಲೀಗಿನಲ್ಲಿ ಮೊದಲ ವರ್ಷವೇ ಫೈನಲ್ ತಲುಪಿದ್ದೆವು. ಅದೆಲ್ಲ ತನ್ನ ಪೂಜೆಯ ಫಲವೆಂದು ಅವನು ಊರ ತುಂಬ ಬ್ಯಾನರ್ ಕಟ್ಟಿಸಿದ್ದ.

ಫೈನಲ್ ಶುರುವಾಗುವ ಮುನ್ನ ಬೂದುಗುಂಬಳಕಾಯಿ ಹಿಡಿದು ನಾನು ಕಾಯುವ ಗೋಲಿನ ಮುಂದೆಯೇ ಬಂದು ನಿಂತ.

"ಗೌಡ್ರೆ, ಇಲ್ಲಿ ಒಡಿಬ್ಯಾಡ್ರಿ. ಚೂರು ಐಸಿಗೆ ಅಂಟಿಕೊಂತಾವ," ಎಂದೆ.

"ನೀ ಗೋಲ್ ಕಾಯಪ್ಪ, ಸಾಕು. ದೃಷ್ಟಿ ತೆಗಿಯೋದು ನಾ ನೋಡ್ಕೊಂತೀನಿ."

ಒಡೆದ. ಫೋಟೊ ತೆಗೆಸಿಕೊಂಡ. ಅವನು ಹಲ್ಲು ಕಿಸಿದು ಮುಗಿಸುವಷ್ಟರಲ್ಲಿ ಚೂರುಗಳು ಕುಂಕುಮದ ಸಮೇತ ಕಲ್ಲಾಗಿ ಕಚ್ಚಿಕೊಂಡಿದ್ದವು. ಕೆರೆದೆವು, ಪೂರ್ತಿ ಬರಲಿಲ್ಲ.

ಕೊನೆಯ ನಿಮಿಷದವರೆಗೂ ಆಟ ಸಮವಾಗಿತ್ತು. ಆಗ ನಮ್ಮ ಹುಲಿಗೇಶ ರಬ್ಬರ್ ಬಿಲ್ಲೆಯನ್ನು ನನ್ನ ಮುಂದಿನಿಂದ ಕೊಂಡೊಯ್ಯುತ್ತ ಒಂದು ಚೂರಿಗೆ ಎಡವಿ ಮುಗ್ಗರಿಸಿದ. ಎದುರಾಳಿ ವಿಜಯಪುರದವರು ಸಿಕ್ಕ ಬಿಲ್ಲೆಯನ್ನು ಗೋಲಿಗೆ ಹೊಡೆದು ಕಪ್ ಎತ್ತಿಕೊಂಡು ಹೋದರು.

ಗೌಡ ಬಂದು ನಮ್ಮ ಬೆನ್ನು ತಟ್ಟಿದ. "ದೃಷ್ಟಿ ಭಾಳ ಜೋರಿತ್ತು. ಮುಂದಿನ ವರ್ಷ ಎರಡು ಕಾಯಿ ಒಡೀತೀನಿ."

ಮೊಣಕಾಲಿಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದ ಹುಲಿಗೇಶ ತಲೆಯಾಡಿಸಿದ.

"ಹೌದ್ರಿ ಗೌಡ್ರೆ. ಒಂದು ಸಾಲಲಿಲ್ಲ."