ಉಸಿರು ಸೋಸಿದ ದನಿ

ರೇಡಿಯೊದಲ್ಲಿ ಉಸಿರು ಕೇಳಿಸಬಾರದೆಂಬ ಕಾನೂನು ಎಷ್ಟು ಹಳೆಯದೆಂದರೆ, ಅದನ್ನು ಸೋಸುವ ಯಂತ್ರವೊಂದಿದೆ ಎಂಬುದನ್ನೇ ಜನ ಮರೆತಿದ್ದರು.

ಕ್ವಾರಿಯಲ್ಲಿ ಯಾರಿಗೂ ರೋಗವಿಲ್ಲವೆಂದು ಮಾಲೀಕ ಸಾರಿದ್ದ. ಕಲ್ಲಿನ ಧೂಳು ಕುಡಿದು ಎದೆ ಕೆಟ್ಟಿದ್ದ ಗಂಡ ಯಂಕಪ್ಪನನ್ನು ದ್ಯಾಮವ್ವ ರೇಡಿಯೊ ಕೇಂದ್ರದ ನೇರಪ್ರಸಾರಕ್ಕೆ ಕರೆತಂದಳು. "ನೀ ಮಾತಾಡದಿದ್ರೂ ಅಡ್ಡಿಯಿಲ್ಲ, ಮಂದಿಗೆ ನಿನ್ನ ಉಬ್ಬಸ ಕೇಳಿದ್ರ ಸಾಕು" ಎಂದು ಅವನನ್ನು ಒಳಗೆ ಕಳಿಸಿ, ಸ್ಟುಡಿಯೊದ ಗಾಜಿನ ಹೊರಗೆ ರೇಡಿಯೊದ ಪಕ್ಕ ಕೂತಳು.

"ಹೆಂಗದೀರಿ ಯಂಕಪ್ಪನವರ?" ಎಂದಳು ನಿರೂಪಕಿ.

ಯಾರು ಕೇಳಿದರೂ ಹೇಳುವುದನ್ನೇ ಅವನು ರೂಢಿಯಂತೆ ಹೇಳಿದ: "ಆರಾಮ ಅದೀನ್ರಿ."

ಆಮೇಲೆ ಕೆಮ್ಮು ಹತ್ತಿತು. ಗಾಜಿನಾಚೆ ಅವನು ಮೇಜು ಹಿಡಿದು, ಕತ್ತಿನ ನರ ಉಬ್ಬಿಸಿಕೊಂಡು, ಗಾಳಿಗಾಗಿ ಒದ್ದಾಡುತ್ತಿದ್ದ. ರೇಡಿಯೊ ಮಾತ್ರ ಮದುವೆಯಾದ ವರ್ಷ ಅವನಿಗಿದ್ದ ತಿಳಿದನಿಯಲ್ಲಿ "ಆರಾಮ ಅದೀನ್ರಿ" ಎಂದು ಸುಮ್ಮನಾಗಿತ್ತು.

"ಏನ್ ಗಟ್ಟಿ ದನಿ ಬೇ ನಿನ್ನ ಗಂಡಂದು!" ಗಾಜಿಗೆ ಬೆನ್ನು ಮಾಡಿ ರೇಡಿಯೊ ಕೇಳುತ್ತಿದ್ದ ಕಾವಲುಗಾರ ಮೆಚ್ಚಿಕೊಂಡ.

ದ್ಯಾಮವ್ವ ಎದ್ದು ಎರಡೂ ಕೈಯಿಂದ ಗಾಜಿಗೆ ಬಡಿದಳು. "ಸುಳ್ಳದು! ಅವ ಸಾಯಾಕತ್ತಾನ!"

ಗಾಜು ಅದುರಿತು. ರೇಡಿಯೊದಲ್ಲಿ ಆ ಬಡಿತವೂ ಇರಲಿಲ್ಲ, ಕೂಗೂ ಇರಲಿಲ್ಲ. ನಿರೂಪಕಿ ತಿರುಗಿ, ಅವಳನ್ನೇ ನೋಡುತ್ತ ಮೈಕಿಗೆ ಹೇಳಿದಳು: "ಕೇಳಿದ್ರಲ್ಲ, ಕ್ವಾರಿಯವರು ಆರಾಮ ಅದಾರ."