ಕನಸಿನ ಭಾಷೆ

ಕಾಲೇಜಿನ ಸರ್ಕಾರಿ ವಿದ್ಯಾರ್ಥಿವೇತನ ಬೇಕಾದವರು ತಾವು ಈ ರಾಜ್ಯದವರೇ ಎಂಬುದಕ್ಕೆ ಮೂರು ರಾತ್ರಿಯ ಕನಸು ಒಪ್ಪಿಸಬೇಕಿತ್ತು. ವಿಜಯಪುರದ ಬಳಿಯ ತಾಂಡಾದ ಜಮುನಾ ರಾಠೋಡಳೂ ಒಪ್ಪಿಸಿದ್ದಳು. ಗುಮಾಸ್ತ ಕಿಟಕಿಯಿಂದ ಚೀಟಿ ತಳ್ಳಿದ.

“ಕನಸಿನ್ಯಾಗ ಬರೇ ಲಂಬಾಣಿ ಮಾತು ಐತಿ. ಹೊರಗಿನವರು ಅಂತ ಲೆಕ್ಕ. ನಿನಗ ಸಿಗಂಗಿಲ್ಲವ್ವ.”

“ನಾ ಹುಟ್ಟಿದ್ದು ಇಲ್ಲೇರೀ. ಪಿಯುಸಿ ಕನ್ನಡದಾಗ ತೊಂಬತ್ತೆಂಟು ಬಂದೈತಿ.”

“ಎಚ್ಚರಿದ್ದಾಗಿಂದು ನಡೆಯಂಗಿಲ್ಲ. ಕನಸಿನ್ಯಾಗ ಮಾತಾಡೂ ಹೆಣ್ಮಗಳು ಯಾರು?”

“ನಮ್ಮವ್ವ. ಸತ್ತು ಆರು ವರ್ಷ ಆತ್ರೀ.”

“ಆಕಿ ಕನ್ನಡ ಮಾತಾಡಿದ್ರ ಮುಂದಿನ ತಿಂಗಳು ಬಾ.”

ಜಮುನಾ ಚೀಟಿಯನ್ನು ಮುದುಡಿ ಅವನ ಮುಂದೆಯೇ ಎಸೆದಳು. “ಈ ಕಚೇರಿ ಕಟ್ಟೂಮುಂದ ತಲಿಮ್ಯಾಲೆ ಕಲ್ಲು ಹೊತ್ತಾಳ್ರೀ ನಮ್ಮವ್ವ. ಅವತ್ತ ನಿಮ್ಮವರು ಯಾರೂ ಆಕಿ ಭಾಷಾ ಕೇಳಲಿಲ್ಲ!”

ಗುಮಾಸ್ತ ಮುಂದಿನವರನ್ನು ಕೂಗಿದ. ಅವಳು ಕಿಟಕಿ ಬಿಟ್ಟು ಸರಿಯಲಿಲ್ಲ.